ರುಚಿ ನೋಡದ ಅಡುಗೆಯವನು

ಮಾರ್ಚ್ 3, 1986, ಸೋಮವಾರ

ಈ ನೋಟ್‌ಬುಕ್ಕು ಸೌದಾಮಿನಿಯ ಶಾಲೆಯದ್ದು. ಮೊದಲ ಹನ್ನೆರಡು ಪುಟಗಳಲ್ಲಿ ಮಗಳ ಬೀಜಗಣಿತ, ಉಳಿದದ್ದರಲ್ಲಿ ಅಪ್ಪನ ಸಿಟ್ಟು. "ಕೇಳಿ ಕೇಳಿ ನಂಗೆ ಸಾಕಾಯ್ತು ಮಾರಾಯ್ರೆ, ಎಲ್ಲಿಯಾದ್ರೂ ಬರೆದಿಡಿ" ಎಂದು ಜಯಂತಿ ಇದನ್ನು ನನ್ನ ಮುಂದೆ ಎಸೆದು ಕೆಲಸಕ್ಕೆ ಹೋದಳು. ಡೇಕೇರಿನಲ್ಲಿ ದಿನವಿಡೀ ಇಪ್ಪತ್ತು ಮಕ್ಕಳ ಅಳು ಕೇಳುವವಳಿಗೆ ಗಂಡನ ಮಾತು ಮಾತ್ರ ಭಾರವಂತೆ.

ಬರೆಯುತ್ತೇನೆ. ನನ್ನ ಹೆಸರು ಭೋಜ ಶೆಟ್ಟಿ ಎಂದೇ ಶುರು ಮಾಡಬೇಕು, ಗಲಾಟೆ ಆದದ್ದೇ ಅದಕ್ಕೆ.

ಶನಿವಾರ ರಘುರಾಮ ರಾಯರ ಬರ್ಕ್ಲಿ ಹೋಟೆಲಿಗೆ ಕನ್ನಡ ಕೂಟದ ನಲವತ್ತು ಜನ ಊಟಕ್ಕೆ ಬಂದಿದ್ದರು. ಅಮೆರಿಕಾಕ್ಕೆ ಬಂದ ಏಳು ವರ್ಷಗಳಿಂದ ಅಲ್ಲಿ ಅಡುಗೆ ನನ್ನದು. ಫಾಸ್ಟರ್ ಸಿಟಿಯ ಮೈಥಿಲಿ ಎಂಬ ಡಾಕ್ಟರಮ್ಮ ಅಡುಗೆಯವರನ್ನು ನೋಡಲೇಬೇಕು ಎಂದು ಹಟ ಹಿಡಿದರು. ಕೈ ಒರೆಸಿಕೊಂಡು ಹೊರಗೆ ಬಂದೆ. "ಭಟ್ರೇ, ಸಾರು ಸೂಪರಾಗಿದೆ. ಉಡುಪಿ ಹತ್ರ ಯಾವೂರು ನಿಮ್ಮದು?" ಎಂದು ಕೇಳಿದರು. "ಕಾಪು, ಅಮ್ಮ. ಭಟ್ಟ ಅಲ್ಲ, ಶೆಟ್ಟಿ" ಎಂದೆ. ಆಯಮ್ಮ ನಕ್ಕು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಉರಿದುಬಿದ್ದದ್ದು ರಾಯರು ಒಬ್ಬರೇ. ಕೂಟದ ಪತ್ರಿಕೆಯಲ್ಲಿ ತಿಂಗಳು ತಿಂಗಳೂ 'ಉಡುಪಿ ಬ್ರಾಹ್ಮಣರ ಶುದ್ಧ ಅಡುಗೆ' ಎಂದು ಹಾಕಿಸುವವರು ಅವರು. ಜನ ಹೋದ ಮೇಲೆ ಬಾಗಿಲು ಹಾಕಿ, "ಒಳಗಿನವ ಒಳಗೇ ಇರ್ಬೇಕು ಭೋಜ. ನಿನ್ನನ್ನು ಹೊರಗೆ ಬಾ ಅಂದವರು ಯಾರು?" ಎಂದರು.

ಸೌಟು ಎಸೆದೆ. ಅವರಿಗೆ ತಾಗಲಿಲ್ಲ, ಫ್ರಿಜ್ಜಿಗೆ ತಾಗಿತು. ಅಲ್ಲಿಗೆ ಕೆಲಸ ಬಿಟ್ಟು ಬಂದೆ. ಗ್ರೀನ್ ಕಾರ್ಡು ಬಂದು ಎರಡು ವರ್ಷವಾಯಿತು, ಇಲ್ಲದಿದ್ದರೆ ಅಷ್ಟು ಧೈರ್ಯ ಬರುತ್ತಿತ್ತೋ ಇಲ್ಲವೋ. ಸಮುದ್ರ ದಾಟಲು ಯಾವ ಭಟ್ಟರೂ ಒಪ್ಪದಿದ್ದಾಗ ಈ ಶೆಟ್ಟಿಯನ್ನು ವಿಮಾನ ಹತ್ತಿಸಿದವರು ಇದೇ ರಾಯರು. ಏಳು ವರ್ಷ ನನ್ನ ಅಡುಗೆ ಮಾರಿದರು. ತಾವು ಮಾತ್ರ ಮಧ್ಯಾಹ್ನಕ್ಕೆ ಮನೆಯಿಂದ ಬುತ್ತಿ ತರುತ್ತಿದ್ದರು.

ಮಾರ್ಚ್ 12, ಬುಧವಾರ

ಕೆಲಸವಿಲ್ಲದ ಗಂಡಸಿಗೆ ಅಪಾರ್ಟ್‌ಮೆಂಟು ಎಷ್ಟು ಚಿಕ್ಕದು ಎಂದು ಈಗ ಗೊತ್ತಾಗುತ್ತಿದೆ. ಈ ಎಮರಿವಿಲ್ಲಿನಲ್ಲಿ ಕಿಟಕಿ ತೆರೆದರೆ ಪೇಂಟ್ ಫ್ಯಾಕ್ಟರಿಯ ವಾಸನೆ, ಮುಚ್ಚಿದರೆ ನನ್ನದೇ ಯೋಚನೆ. ಹತ್ತು ಗಂಟೆಗೆ ಅಲಸಂದೆ ಬೇಯಿಸಿ, ಬೆಳ್ಳುಳ್ಳಿಯನ್ನು ಜಜ್ಜಿ ಒಗ್ಗರಣೆ ಕೊಟ್ಟೆ. ಬಾಗಿಲು ಬಡಿದ ಸದ್ದಾಯಿತು. ವಾಸನೆಗೆ ಜಗಳಕ್ಕೆ ಬಂದರು, ಬರಲಿ, ಇವತ್ತು ಯಾರಾದರೂ ಬೇಕಿತ್ತು ಎಂದುಕೊಂಡು ತೆರೆದೆ.

ಕೆಳಗಿನ ಮನೆಯ ಕರಿಯ ಹೆಂಗಸು, ಮಿಸ್ ಅರ್ಲೀನ್. ಅರವತ್ತೈದರ ಮೇಲಾಗಿರಬೇಕು. ಊರುಗೋಲು ಹಿಡಿದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. "ನೀನು ನನ್ನ ಬ್ಲ್ಯಾಕ್ ಐಡ್ ಪೀಸಿಗೆ ಏನ್ ಮಾಡ್ತಿದ್ದೀಯ?" ಎಂದಳು. ನನ್ನ ಅಲಸಂದೆ ಇವಳದ್ದು ಯಾವಾಗ ಆಯಿತು ಎಂದು ಕೇಳಿದೆ. ಕೇಳದೆಯೇ ಒಳಗೆ ಬಂದು, ಚಮಚ ತೆಗೆದು, ಪಾತ್ರೆಗೇ ಅದ್ದಿ ಬಾಯಿಗಿಟ್ಟಳು. ಮತ್ತೆ ಅದೇ ಚಮಚ ಅದ್ದಲು ಹೋದಾಗ ನಾನು ಪಾತ್ರೆ ಎಳೆದುಕೊಂಡೆ. ಹೆಂಗಸಿಗೆ ಎಂಜಲು ಗಿಂಜಲು ಒಂದೂ ಇಲ್ಲ.

ಮಾರ್ಚ್ 24, ಸೋಮವಾರ

ಅರ್ಲೀನಮ್ಮ ಇಷ್ಟು ವರ್ಷ ತನ್ನ ಚರ್ಚಿನ ಅಡುಗೆಮನೆಯಲ್ಲಿ ಶುಕ್ರವಾರಕ್ಕೊಮ್ಮೆ ಊಟ ಮಾಡಿ ಮಾರುತ್ತಿದ್ದಳು. ಈಗ ಸ್ಯಾನ್ ಪಾಬ್ಲೋ ಅವೆನ್ಯೂದಲ್ಲಿ ಮುಚ್ಚಿಹೋದ ಡೋನಟ್ ಅಂಗಡಿಯನ್ನು ಬಾಡಿಗೆಗೆ ಹಿಡಿದಿದ್ದಾಳೆ. ಒಂದು ಕೌಂಟರು, ಹನ್ನೊಂದು ಸ್ಟೂಲು. ಮೊಣಕಾಲು ಹೋಗಿದೆ, ದೊಡ್ಡ ಪಾತ್ರೆ ಎತ್ತಲಾಗುವುದಿಲ್ಲ. "ನಿನ್ ಕೈ ಬೇಕು" ಎಂದಳು. ಕೈ ಜೋಡಿಸಿದೆ, ಬೇರೆ ದಾರಿ ಏನಿತ್ತು.

ಈ ಕರಿಯರು ತಮ್ಮ ಅಡುಗೆಯನ್ನು ಸೋಲ್ ಫುಡ್ ಎನ್ನುತ್ತಾರೆ. ಅಗಲ ಎಲೆಯ ಸೊಪ್ಪು, ಅಲಸಂದೆ, ಬೆಂಡೆಕಾಯಿ, ಕಾರ್ನ್ ಬ್ರೆಡ್ ಎಂಬ ಮೆಕ್ಕೆಜೋಳದ ರೊಟ್ಟಿ, ಕರಿದ ಕೋಳಿ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಒಂದೇ. ಸೊಪ್ಪಿಗೂ ಕಾಳಿಗೂ ಹೊಗೆ ಹಾಕಿದ ಹಂದಿಯ ಕಾಲಿನ ಗಂಟು ಹಾಕಿ ಮೂರು ಗಂಟೆ ಬೇಯಿಸುತ್ತಾರೆ. ಕೋಳಿ ಮೀನು ತಿಂದು ಬೆಳೆದ ನನಗೂ ಹಂದಿ ಹೊಸದು.

ಜಗಳ ಮೊದಲ ದಿನವೇ ಶುರುವಾಯಿತು. ಐದು ನಿಮಿಷಕ್ಕೊಮ್ಮೆ "ಟೇಸ್ಟ್ ಇಟ್, ಬೋಜ್" ಎಂದು ಚಮಚ ಚಾಚುತ್ತಾಳೆ. ಅಡುಗೆಯವನು ರುಚಿ ನೋಡಬಾರದು ಎಂದೆ. ಮೂವತ್ತೇಳು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಕುದಿಯುವ ಬಣ್ಣ ನೋಡಿದರೆ, ಹಬೆ ಮೂಸಿದರೆ ಸಾಕು, ಉಪ್ಪು ಎಷ್ಟೆಂದು ಕೈಗೇ ಗೊತ್ತು. ಇದು ವಿದ್ಯೆ. ಈ ಹೆಂಗಸಿಗೆ ಹೇಗೆ ತಿಳಿಯಬೇಕು.

ಏಪ್ರಿಲ್ 5, ಶನಿವಾರ

ಅಂಗಡಿ ಶುರುವಾಯಿತು. ಮಾನ ಹೋಯಿತು.

ಹನ್ನೊಂದೂವರೆಗೆ ಚರ್ಚಿನಿಂದ ಮೂವತ್ತು ಜನ ಬಂದರು, ಹೆಂಗಸರೆಲ್ಲ ಹ್ಯಾಟು ಹಾಕಿಕೊಂಡು. ಡೀಕನ್ ಎಂದು ಕರೆಯುವ ಅವರ ಹಿರಿಯ ಪ್ರಾರ್ಥನೆ ಹೇಳಿದ. ಎಲ್ಲರೂ ಸೊಪ್ಪನ್ನು ಬಾಯಿಗಿಟ್ಟರು. ಡೀಕನ್ ನೀರು ಕೇಳಿದ. ಆಮೇಲೆ ಎಲ್ಲರೂ ನೀರು ಕೇಳಿದರು. ಒಬ್ಬ ಅಜ್ಜಿ ಮಾತ್ರ "ಜೀಸಸ್" ಎಂದಳು, ಅದು ಪ್ರಾರ್ಥನೆ ಆಗಿರಲಿಲ್ಲ.

ಉಪ್ಪು. ನೀರಿನ ಅಳತೆಗೆ ಸರಿಯಾಗಿಯೇ ಹಾಕಿದ್ದೆ. ಹಂದಿಯ ಕಾಲು ತನ್ನ ಉಪ್ಪನ್ನು ತಾನೇ ಹೊತ್ತು ತರುತ್ತದೆ ಎಂದು ನನಗೆ ಯಾರು ಹೇಳಿದರು? ಬೇಯುತ್ತ ನೀರು ಇಂಗಿ ಉಪ್ಪು ಏರುತ್ತದೆ ಎಂದು ಯಾರು ಹೇಳಿದರು? ಅರ್ಲೀನಮ್ಮ ಪಾತ್ರೆಯನ್ನು ಕೋಲಿನಿಂದ ತೋರಿಸಿ "ಚೆಲ್ಲು" ಎಂದಳು. ಅಷ್ಟೂ ಸೊಪ್ಪು ಚೆಲ್ಲಿದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಏಪ್ರಿಲ್ 6, ಭಾನುವಾರ

ಹಂದಿ ಸರಿಯಿಲ್ಲ, ಪಾತ್ರೆಯ ತಳ ತೆಳು, ಒಲೆಯ ಉರಿ ಜಾಸ್ತಿ ಎಂದೆ. "ಕುಣಿಯಲಾರದವಳಿಗೆ ನೆಲ ಡೊಂಕು" ಎಂದಳು ಜಯಂತಿ. ಊಟ ಮಾಡದೆ ಎದ್ದೆ. ಆಮೇಲೆ ಹಸಿವಾಯಿತು.

ಏಪ್ರಿಲ್ 16, ಬುಧವಾರ

ಕೂಟದವರ ಯುಗಾದಿ ಊಟ ಕಳೆದ ಶನಿವಾರ ಆಯಿತಂತೆ. ನಮಗೆ ಫೋನು ಬರಲಿಲ್ಲ. ಇಂಡಿಯನ್ ಗ್ರೋಸರಿಯಲ್ಲಿ ಕೂಟದ ಊರ್ಮಿಳಾ ಜಯಂತಿಗೆ ಸಿಕ್ಕಿ, "ಹೌದಾ ಜಯಂತೀ, ನಿಮ್ಮನೆಯವ್ರು ಕರಿಯರ ಅಂಗಡೀಲಿ ಹಂದಿ ಬೇಯಿಸ್ತಾರಂತೆ?" ಎಂದು ಎಲ್ಲರೆದುರು ಕೇಳಿದಳಂತೆ. ಏಳು ವರ್ಷ ನನ್ನ ಕೋಸಂಬರಿ ತಿಂದ ಬಾಯಿ. ಜಯಂತಿ ಬಂದು ಅತ್ತಳು. "ಧಣಿಗಳ ಕಾಲು ಹಿಡಿದ್ರೆ ಎಂತ ಹೋಗ್ತದೆ ನಿಮ್ದು? ಮಗಳು ದೊಡ್ಡವಳಾಗ್ತಾ ಇದ್ದಾಳೆ, ನಾಲ್ಕು ಜನ ಬೇಡ್ವಾ ನಮ್ಗೆ?" ಎಂದಳು.

ಆ ನಾಲ್ಕು ಜನ ಯಾರೆಂದು ಮೂವತ್ತೇಳು ವರ್ಷದಿಂದ ಹುಡುಕುತ್ತಿದ್ದೇನೆ. ಸತ್ತಾಗ ಹೊರಲು ಬೇಕು ಎನ್ನುತ್ತಾರೆ, ಇಲ್ಲಿ ಅದಕ್ಕೂ ಕಾರು ಬರುತ್ತದೆ. ಸೌದಾಮಿನಿ ಹೆಡ್‌ಫೋನು ತೆಗೆದು "ಅಪ್ಪಾ, ಹೂ ಕೇರ್ಸ್" ಎಂದಳು. ಅವಳಿಗೂ ಬೈದೆ.

ಅಂಗಡಿಯಲ್ಲಿ ಈಗ ನಾನು ಬೇಯಿಸುತ್ತೇನೆ, ಅರ್ಲೀನಮ್ಮ ಸ್ಟೂಲಿನ ಮೇಲೆ ಕೂತು ರುಚಿ ನೋಡಿ ಉಪ್ಪು ಹೇಳುತ್ತಾಳೆ. ಅವಳು ಹೇಳುವುದು ಯಾವಾಗಲೂ ಸರಿಯಾಗಿರುತ್ತದೆ, ಅದಕ್ಕೇ ಮೈ ಉರಿಯುತ್ತದೆ.

ಮೇ 2, ಶುಕ್ರವಾರ

ಇವತ್ತು ಏಪ್ರನ್ ಬಿಚ್ಚಿ ಎಸೆದು ಬಂದಿದ್ದೇನೆ. ಇನ್ನು ಆ ಬಾಗಿಲು ತುಳಿಯುವುದಿಲ್ಲ.

ಎರಡು ಗಂಟೆಗೆ ಗಿರಾಕಿ ಕರಗಿದ್ದರು. ಇಬ್ಬರೂ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಅವಳು ತನ್ನ ಕಥೆ ಹೇಳಿದಳು. ಟೆಕ್ಸಸ್ಸಿನ ಬೋಮಾಂಟ್ ಎಂಬ ಊರಿನಲ್ಲಿ ಹದಿನೇಳು ವರ್ಷ ಒಂದು ಬಿಳಿಯರ ಮನೆಯಲ್ಲಿ ಅಡುಗೆ ಮಾಡಿದಳಂತೆ. "ಹಿಂದಿನ ಬಾಗ್ಲಿಂದ್ಲೇ ಹೋಗ್ಬೇಕು, ಟೇಬಲ್ ಹತ್ರ ಕೂರೋ ಹಾಗಿಲ್ಲ, ಅವರ ಬಾತ್‌ರೂಮ್ ಮುಟ್ಟೋ ಹಾಗಿಲ್ಲ. ಆದ್ರೆ ಬೋಜ್, ಒಂದೇ ಒಂದು ದಿನಾನೂ ನಾನು ಬಾಯಿಗೆ ಹಾಕ್ದೇ ಇರೋದು ಅವರ ಪ್ಲೇಟಿಗೆ ಹೋಗಿಲ್ಲ. ಫಸ್ಟ್ ತುತ್ತು ನಂದು. ಆಮೇಲೆ ಅವರದು."

ನಮ್ಮ ಲೆಕ್ಕದಲ್ಲಿ ಹದಿನೇಳು ವರ್ಷ ಆ ಬಿಳಿಯರಿಗೆ ತನ್ನ ಎಂಜಲು ಉಣ್ಣಿಸಿದ್ದಾಳೆ. ನನಗೆ ನಗು ತಡೆಯಲಾಗಲಿಲ್ಲ. ನಗುವಿನ ಭರದಲ್ಲಿ ನಾನೂ ಹೇಳಿಬಿಟ್ಟೆ.

ಮುಂಬಯಿಯ ಮಾಟುಂಗದಲ್ಲಿ ರಾಯರ ತಂದೆಯ ಹೋಟೆಲು. ನನಗೆ ಹನ್ನೆರಡು ವರ್ಷ. ಅಡುಗೆಮನೆಯ ನೆಲದ ಮೇಲೆ ಕೆಂಪು ಬಣ್ಣದ ಗೆರೆ. ಗೆರೆಯ ಆಚೆ ಒಲೆ ಮತ್ತು ಭಟ್ಟರು, ಈಚೆ ನಾನು. ತರಕಾರಿ ಹೆಚ್ಚಿ, ತೆಂಗಿನಕಾಯಿ ತುರಿದು, ನೀರು ಹೊತ್ತು ಗೆರೆಯ ತನಕ ತಂದಿಡುವುದು. ಬೆಂದದ್ದನ್ನು ಮುಟ್ಟಿದರೆ ಇಡೀ ಪಾತ್ರೆ ಚೆಲ್ಲುತ್ತಿದ್ದರು, ನನಗೆ ಏಟು. ಅಲ್ಲಿಂದಲೇ ಕಲಿತೆ. ಭಟ್ಟರ ಮುಷ್ಟಿ ಎಷ್ಟು ತೆರೆಯಿತು, ಹಬೆಯ ಬಣ್ಣ ಯಾವಾಗ ತಿರುಗಿತು, ಎಲ್ಲ ಹತ್ತು ಅಡಿ ದೂರದಿಂದ. ಐವತ್ತಾರರಲ್ಲಿ ಭಟ್ಟರಿಗೆ ಜ್ವರ ಬಂದಾಗ ಬಾಗಿಲು ಹಾಕಿ ನನ್ನಿಂದ ಸಾಂಬಾರು ಮಾಡಿಸಿದರು. ಇನ್ನೂರು ಜನ ಉಂಡರು, ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ. ಇದನ್ನು ಎದೆ ಉಬ್ಬಿಸಿಯೇ ಹೇಳಿದೆ.

"ರುಚಿ ಹೇಗಿತ್ತು?" ಎಂದು ಕೇಳಿದಳು.

"ಚೆನ್ನಾಗಿತ್ತು ಅಂದ್ರು."

"ಅವರು ಅಂದಿದ್ದಲ್ಲ. ಬಿಸಿಬಿಸಿ ಇದ್ದಾಗ, ನಿನ್ ಬಾಯಲ್ಲಿ ಹೇಗಿತ್ತು?"

ನಮ್ಮಂಥವರಿಗೆ ಕೊನೆಯಲ್ಲಿ ಉಳಿದದ್ದು, ತಣ್ಣಗಾದದ್ದು ಎಂದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೇ ಇಲ್ಲ. "ಹಾಗಾದ್ರೆ ಅದು ರೂಲ್ ಅಲ್ಲ, ಹನೀ. ಪಾತ್ರೆ ಹತ್ರ ನೀನು ಬರ್ಬಾರ್ದು ಅಂತ ಅವರು ಬೇಲಿ ಹಾಕಿದ್ರು. ನೀನು ಆ ಬೇಲೀನ ಕಿತ್ಕೊಂಡು ಅಮೆರಿಕಾಕ್ಕೆ ತಂದಿದ್ದೀಯ."

ಓದು ಬರಹ ಅಷ್ಟಕ್ಕಷ್ಟೇ ಇರುವ ಹೆಂಗಸು ನನ್ನ ವಿದ್ಯೆಗೆ ಬೇಲಿ ಎನ್ನುತ್ತಾಳೆ. ನಾನು ಏನೇನು ಕೂಗಿದೆನೋ ನೆನಪಿಲ್ಲ, ತುಳುವಿನಲ್ಲಿ ಕೂಗಿದೆ.

ಮೇ 3, ಶನಿವಾರ

ಹೋಗಲಿಲ್ಲ.

ಮೇ 5, ಸೋಮವಾರ

ಹೋಗಲಿಲ್ಲ. ಎರಡು ದಿನದಿಂದ ಮನೆಯಲ್ಲಿ ಎಲ್ಲರ ಮೇಲೂ ಕೂಗಾಡಿದ್ದೇನೆ. ಭಟ್ಟರ ಮೇಲೆ ಕೂಗಾಡೋಣವೆಂದರೆ ಸತ್ತು ಇಪ್ಪತ್ತು ವರ್ಷವಾಯಿತು.

ಮೇ 6, ಮಂಗಳವಾರ

ಹೋದೆ. ಏಪ್ರನ್ ಒಗೆದು ಮೊಳೆಗೆ ನೇತುಹಾಕಿದ್ದಳು. ಒಂದು ಮಾತೂ ಕೇಳಲಿಲ್ಲ, ಕೇಳಿದ್ದರೆ ಹೊರಟು ಬರುತ್ತಿದ್ದೆ. ಅವಳು ಫೋನಿನಲ್ಲಿದ್ದಾಗ ಸೊಪ್ಪಿಗೆ ಉಪ್ಪು ಚೂರು ಕಡಿಮೆ ಇತ್ತು, ಹಾಕಿದೆ. ವಿನಿಗರೂ ಒಂದು ಚಮಚ ಬೇಕಿತ್ತು. ಹೇಗೆ ಗೊತ್ತಾಯಿತು ಎಂದು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮೇ 27, ಮಂಗಳವಾರ

ಮೂರು ವಾರ ಬರೆಯಲು ಪುರುಸೊತ್ತಾಗಲಿಲ್ಲ. ಪೇಂಟ್ ಫ್ಯಾಕ್ಟರಿಯವರು, ಟ್ರಕ್ಕಿನವರು, ಇಸ್ಪೀಟಾಟದ ಕಾರ್ಡ್ ರೂಮಿನಲ್ಲಿ ಸೋತವರು, ಎಲ್ಲರೂ ನಮ್ಮಲ್ಲಿಗೇ ಬರುತ್ತಾರೆ. ಡೀಕನ್ ವಾರಕ್ಕೆ ನಾಲ್ಕು ದಿನ ಬರುತ್ತಾನೆ. ಇವತ್ತು ಒಬ್ಬ ಟ್ರಕ್ಕಿನವನು ಬೆಂಡೆಕಾಯಿ ಲೋಳೆ ಎಂದ. ಅವನ ತಟ್ಟೆಯಿಂದಲೇ ಒಂದು ಹೋಳು ಎತ್ತಿ ಬಾಯಿಗೆ ಹಾಕಿ, "ಲೋಳೆ ನಿನ್ನ ನಾಲಿಗೆಯಲ್ಲಿದೆ, ನನ್ನ ಬೆಂಡೆಕಾಯಲ್ಲಿ ಇಲ್ಲ" ಎಂದೆ. ಅಂಗಡಿಯಿಡೀ ನಕ್ಕಿತು. ನಾನು ತಮಾಷೆಗೆ ಹೇಳಿದ್ದಲ್ಲ.

ಅರ್ಲೀನಮ್ಮನಿಗೆ ಜೂನ್ ಇಪ್ಪತ್ಮೂರಕ್ಕೆ ಮೊಣಕಾಲಿನ ಆಪರೇಷನ್. ಆರು ತಿಂಗಳು ನಿಲ್ಲುವ ಹಾಗಿಲ್ಲ. ಆಪರೇಷನ್ನಿಗೆ ಮೊದಲೇ ಅಂಗಡಿಯ ಕಾಗದದಲ್ಲಿ ನನ್ನ ಹೆಸರನ್ನೂ ಸೇರಿಸಬೇಕು, ಅರ್ಧ ನನ್ನದು ಎನ್ನುತ್ತಾಳೆ. "ಬೋರ್ಡಲ್ಲಿ ಇಬ್ಬರ ಹೆಸರೂ ಬರ್ಲಿ. ನಿನ್ ಹೆಸರು ದೊಡ್ಡದಾಗೇ ಬರ್ಲಿ, ನೀನು ಕೂಗೋದೂ ಹಾಗೇ ತಾನೆ?" ಎಂದಳು. ಯೋಚಿಸುತ್ತೇನೆ ಎಂದೆ. ಆಮೇಲೆ ಬೇಕಾದ್ದಕ್ಕಿಂತ ಎರಡು ಪಟ್ಟು ಬೆಂಡೆಕಾಯಿ ಹೆಚ್ಚಿದೆ.

ಜೂನ್ 10, ಮಂಗಳವಾರ

ರಘುರಾಮ ರಾಯರು ಮನೆಗೆ ಬಂದಿದ್ದರು. ಏಳು ವರ್ಷದಲ್ಲಿ ಮೊದಲ ಸಲ. ಒಂದು ಪೆಟ್ಟಿಗೆ ಮಾವಿನಹಣ್ಣು ಕೂಡ ತಂದಿದ್ದರು. ನಾನು ಬಿಟ್ಟ ಮೇಲೆ ಮೂರು ಅಡುಗೆಯವರು ಬಂದು ಹೋದರಂತೆ.

"ಆದದ್ದಾಯ್ತು ಭೋಜ. ಕ್ಯುಪರ್ಟಿನೋದಲ್ಲಿ ಹೊಸ ಹೋಟೆಲ್ ತೆಗೀತಾ ಇದ್ದೇನೆ. ನಾಲ್ಕಾಣೆ ಪಾಲು ನಿಂದು. ಹತ್ರದಲ್ಲೇ ಮನೆ ಮಾಡಿ ಕೊಡ್ತೇನೆ, ಮಗಳಿಗೆ ಒಳ್ಳೇ ಸ್ಕೂಲು."

ಜಯಂತಿಯ ಮುಖ ಅರಳಿತು.

"ಎರಡೇ ಮಾತು. ಆ ಕರಿಯರ ಅಂಗಡಿ ವಿಷಯ ಯಾರ ಹತ್ರವೂ ಬೇಡ, ಇಷ್ಟು ದಿನ ಊರಿಗೆ ಹೋಗಿದ್ದೆ ಅಂತ ಹೇಳು. ಮತ್ತೆ ನೀನು ಒಳಗೇ ಇರು. ಹೊರಗೆ ನನ್ನ ಅಳಿಯ ನೋಡಿಕೊಳ್ತಾನೆ."

ನಾನು ಬಾಯಿ ತೆರೆಯುವುದರೊಳಗೆ ಜಯಂತಿ ಕಾಫಿ ತಂದಳು. ಮದುವೆಯ ಬೆಳ್ಳಿ ಲೋಟ ತೆಗೆದಿದ್ದಳು. "ಈಗಷ್ಟೇ ಆಯ್ತಮ್ಮ, ಬೇಡ" ಎಂದು ರಾಯರು ಕೈ ಮುಗಿದರು. ಒಂದು ಲೋಟ ನೀರಾದರೂ ಎಂದಳು. ಅದೂ ಬೇಡವಾಯಿತು. ಹತ್ತು ದಿನದಲ್ಲಿ ಉತ್ತರ ಹೇಳು ಎಂದು ಹೊರಟರು.

ಜಯಂತಿ ಕಾಫಿಯನ್ನು ಸಿಂಕಿಗೆ ಸುರಿದು ಲೋಟವನ್ನು ಬಹಳ ಹೊತ್ತು ತೊಳೆದಳು. ಏನು ಎಂದು ಕೇಳಿದರೆ "ಎಂತ ಇಲ್ಲ" ಎಂದಳು. ಹೇಳಬೇಕಾದಾಗ ಬಾಯಿಗೆ ಬೀಗ.

ಜೂನ್ 15, ಭಾನುವಾರ

ಒಂದು ಕಡೆ ಸೌದಾಮಿನಿಯ ಶಾಲೆ, ಇನ್ನೊಂದು ಕಡೆ ಹನ್ನೊಂದು ಸ್ಟೂಲು. ಮಗಳನ್ನು ಕೇಳಿದೆ. "ಡು ವಾಟ್ ಯೂ ವಾಂಟ್, ಅಪ್ಪಾ. ಬಟ್ ಐ ಲೈಕ್ ದ ಕಾರ್ನ್ ಬ್ರೆಡ್" ಎಂದಳು. ಇದೂ ಒಂದು ಉತ್ತರವೇ?

ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಪಾತ್ರೆ ತಿಕ್ಕುವಾಗ ರಾಯರಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೇನೆ. ಮಾಟುಂಗದಿಂದ ಶುರು ಮಾಡಿ, ಗೆರೆ, ಬುತ್ತಿ, ಪತ್ರಿಕೆಯ ಜಾಹೀರಾತು, ಬೆಳ್ಳಿ ಲೋಟ, ಎಲ್ಲವನ್ನೂ ಒಂದರ ಮೇಲೊಂದು ಇಡುತ್ತೇನೆ. ಅವರು ಮುಖ ಎತ್ತಬಾರದು. ನಡುವೆ ಉಸಿರು ಬಿಡುವ ಜಾಗವೂ ಗೊತ್ತುಮಾಡಿಕೊಂಡಿದ್ದೇನೆ.

ಜೂನ್ 19, ಗುರುವಾರ

ಇವತ್ತು ಇವರ ಬಿಡುಗಡೆಯ ದಿನ. ಟೆಕ್ಸಸ್ಸಿನ ಗುಲಾಮರಿಗೆ ನೀವು ಸ್ವತಂತ್ರರು ಎಂಬ ಸುದ್ದಿ ಮುಟ್ಟಿದ್ದು ಈ ತಾರೀಕಿಗಂತೆ, ಅದೂ ಎರಡೂವರೆ ವರ್ಷ ತಡವಾಗಿ. ಅಷ್ಟು ತಡವಾಗಿ ತಂದವನಿಗೆ ಮೊದಲು ನಾಲ್ಕು ಬಾರಿಸಬೇಕಿತ್ತು ಎಂದೆ. ಅರ್ಲೀನಮ್ಮ ನಕ್ಕು ಕೆಂಪು ಶರಬತ್ತು ಕೊಟ್ಟಳು.

ಅವಳು ನಿಲ್ಲಲಾರಳು, ಗಿರಾಕಿ ಇನ್ನೂರು ಬರುವ ಅಂದಾಜು. ನನಗೆ ಹೇಳದೆ ಜಯಂತಿಗೆ ಫೋನು ಮಾಡಿದ್ದಾಳೆ. ಜಯಂತಿ ಡೇಕೇರಿಗೆ ರಜೆ ಹಾಕಿ ಆರೂವರೆಗೇ ಬಂದು ಏಪ್ರನ್ ಕಟ್ಟಿಕೊಂಡಳು. ಈ ಹೆಂಗಸರು ನನ್ನ ಬೆನ್ನ ಹಿಂದೆ ಯಾವಾಗ ಸ್ನೇಹಿತರಾದರೋ.

ಹನ್ನೊಂದೂವರೆಗೆ ಸಾಲು ಬಾಗಿಲು ದಾಟಿ ಫುಟ್‌ಪಾತಿಗೆ ಇಳಿದಿತ್ತು. ಆಗ ರಾಯರು ಬಂದರು. ಸಾಲನ್ನು ನೋಡಲೇ ಇಲ್ಲ. ಎಲ್ಲರನ್ನೂ ಬದಿಗೆ ಸರಿಸುತ್ತ ನೇರ ಕೌಂಟರಿಗೆ ಬಂದು, ಮೂಗಿಗೆ ಕರ್ಚೀಫು ಹಿಡಿದು, "ಎಂತ ತೀರ್ಮಾನ ಮಾಡಿದೆ ಭೋಜ?" ಎಂದರು.

ಕೈ ಒರೆಸಿಕೊಂಡೆ. ಉಸಿರು ಎಳೆದುಕೊಂಡೆ. ಮಾಟುಂಗ ನಾಲಿಗೆಯ ತುದಿಗೆ ಬಂದಿತ್ತು.

ಜಯಂತಿ ಮೆಕ್ಕೆಜೋಳದ ರೊಟ್ಟಿಯ ಟ್ರೇ ಹಿಡಿದು ನನ್ನ ಮುಂದೆ ಬಂದಳು. "ರಾಯರೇ, ಇವ್ರೆಲ್ಲ ಹನ್ನೊಂದು ಗಂಟೆಯಿಂದ ನಿಂತಿದ್ದಾರೆ. ಊಟ ಬೇಕಿದ್ರೆ ಹಿಂದೆ ಹೋಗಿ ನಿಲ್ಲಿ." ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಯಾರಿಗಾದರೂ ಹೇಳುವಂತೆ ಹೇಳಿದಳು.

ರಾಯರು ನನ್ನ ಕಡೆ ನೋಡಿದರು. ನಾನು ಜಯಂತಿಯ ಕಡೆ ನೋಡಿದೆ. ಅವಳು ಆಗಲೇ ಡೀಕನ್ನನ ತಟ್ಟೆಗೆ ರೊಟ್ಟಿ ಇಡುತ್ತಿದ್ದಳು. ರಾಯರು ಸಾಲಿನ ಕೊನೆಯವರೆಗೆ ನಡೆದರು, ಅಲ್ಲಿ ನಿಲ್ಲದೆ ಕಾರು ಹತ್ತಿದರು.

ಒಂಬತ್ತು ದಿನ ಜೋಡಿಸಿದ ಮಾತು ಹಾಗೆಯೇ ಉಳಿಯಿತು. ನಾಲ್ಕು ಗಂಟೆಗೆ ಕೊನೆಯ ಗಿರಾಕಿ ಹೋದ ಮೇಲೆ ಅರ್ಲೀನಮ್ಮ ಕಾಗದ ಮುಂದಿಟ್ಟಳು. ಸಹಿ ಹಾಕಿದೆ. ಸಿಟ್ಟಿನ ಭರದಲ್ಲಿ ಪೆನ್ನು ಒತ್ತಿ ಕಾಗದ ಚೂರು ಹರಿಯಿತು.

ಬಸ್ಸಿನಲ್ಲಿ ಜಯಂತಿಗೆ ಬೈದೆ. "ನಿನ್ನನ್ನು ಮಾತಾಡ್ಲಿಕ್ಕೆ ಹೇಳಿದ್ದು ಯಾರು? ನಂಗೆ ಎಷ್ಟು ಹೇಳ್ಲಿಕ್ಕಿತ್ತು ಗೊತ್ತುಂಟಾ?"

"ಗೊತ್ತುಂಟು. ನೀವು ಹೇಳ್ತಿದ್ರೆ ಅವ್ರು ನಿಂತು ಕೇಳ್ತಿದ್ರು. ಅಷ್ಟೊತ್ತು ಅವ್ರು ಯಾಕೆ ನಿಲ್ಬೇಕು ನಮ್ಮ ಅಂಗಡೀಲಿ?" ಕಾಲು ನೀವಿಕೊಳ್ಳುತ್ತ, "ನಾಳೆ ಎಷ್ಟು ಗಂಟೆಗೆ ಬರ್ಬೇಕು?" ಎಂದು ಕೇಳಿದಳು.

ಆರು ಗಂಟೆಗೆ ಎಂದೆ. ಐದು ನಿಮಿಷ ತಡವಾದರೂ ನಾನು ಸುಮ್ಮನಿರುವವನಲ್ಲ.